ಮಕ್ಕಳ ಅತಿಸಾರ: ಕಾರಣಗಳು ಮತ್ತು ಔಷಧ ನಿರೋಧಕತೆ

ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿ ಹಾಗೂ ಇತರ ಗ್ರಾಮ ಪಂಚಾಯತಿಗಳ ಸದಸ್ಯರ ಅಧ್ಯಯನಕ್ಕಾಗಿ.

ಶಿಶುಗಳ ಅತಿಸಾರಕ್ಕೆ ರೋಟಾದಂತಹ ವೈರಾಣುಗಳು ಪ್ರಮುಖ ಕಾರಣ. ವೈರಾಣುವಿನ ಮೇಲೆ ಆಂಟಿಬಯೋಟಿಕ್ ಔಷಧ ಪರಿಣಾಮ ಬೀರದು. ಅನಗತ್ಯವಾಗಿ ನೀಡಿದಾಗ, ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳು ಉಳಿದು ವೃದ್ಧಿಸುತ್ತವೆ. ರಕ್ತಭೇದಿಗೆ ಕಾರಣವಾದ ಶಿಗೆಲ್ಲಾ ಹಲವೆಡೆ ಸಿಪ್ರೋಫ್ಲಾಕ್ಸಾಸಿನ್‌ಗೆ ಈಗಾಗಲೇ ಮಣಿಯುತ್ತಿಲ್ಲ. ಹೀಗಾದರೆ, ನಿಜವಾಗಿ ಔಷಧ ಬೇಕಾದ ಮಗುವಿಗೆ ಅದು ಫಲಿಸದು.

ಸಾಮಾನ್ಯ ಭೇದಿಗೆ ಓಆರ್‌ಎಸ್ ದ್ರಾವಣ, ಎರಡು ತಿಂಗಳು ಮೀರಿದ ಮಗುವಿಗೆ 14 ದಿನ ಜಿಂಕ್. ಎದೆಹಾಲು, ಆಹಾರ ನಿಲ್ಲಿಸಬಾರದು. ಮಲದಲ್ಲಿ ರಕ್ತ ಕಂಡರೆ ಅಥವಾ ಮಗು ಮಂಕಾದರೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯತಕ್ಕದ್ದು.

ಚರಂಡಿಯಲ್ಲಿ ಹಾದ ನಲ್ಲಿ ಕೊಳವೆಗಳ ಸೋರಿಕೆ ದುರಸ್ತಿ, ನೀರಿನ ಟ್ಯಾಂಕಿನ ಸ್ವಚ್ಛತೆ ಹಾಗೂ ಕ್ಲೋರಿನೀಕರಣ ಪಂಚಾಯತಿಯ ಹೊಣೆ. 6, 10, 14ನೇ ವಾರಗಳ ರೋಟಾ ಲಸಿಕೆ ಯಾವ ಶಿಶುವಿಗೂ ತಪ್ಪದಂತೆ ಆಶಾ ಕಾರ್ಯಕರ್ತೆಯರೊಂದಿಗೆ ಸಹಕರಿಸಲು ಕೋರಿದೆ.