ಸುವಾರ್ತೆ ಹೇಳಲು ಹೊರಡುವವರು ಮಾಡಬೇಕಾದ್ದು, ಮಾಡಬಾರದ್ದು

ಮನೆಭೇಟಿಗೆ, ಆಸ್ಪತ್ರೆ ಭೇಟಿಗೆ ಹೋಗುವ ಸಭೆಯವರೆಲ್ಲರೂ ಇದನ್ನು ಓದಿಕೊಂಡೇ ಹೊರಡಬೇಕು. ಒಪ್ಪುವುದು ಬಿಡುವುದು ಕೇಳುವವರಿಗೆ ಸೇರಿದ್ದು. ನಿಜ ಹೇಳುವುದು, ಹೇಳಿದಂತೆ ಬದುಕುವುದು ಮಾತ್ರ ನಮ್ಮ ಪಾಲಿನ ಕೆಲಸ.

ಮಾಡಬೇಕಾದ್ದು

ಮೊದಲು ನಿಮ್ಮ ಮನೆ, ಅಂಗಡಿ ನೋಡಿಕೊಳ್ಳಿ. ಮನೆಗೆಲಸದವರ ಸಂಬಳ ಹೊತ್ತಿಗೆ ಸರಿಯಾಗಿ ಸಂದಿರಲಿ, ತಕ್ಕಡಿ ಸರಿಯಿರಲಿ, ಮಗನ ಮದುವೆಗೆ ವರದಕ್ಷಿಣೆಯ ಮಾತೇ ಬರಬಾರದು. ಸಭೆಯೊಳಗೇ ಜಾತಿ ನೋಡಿ ಹೆಣ್ಣು ಕೊಡುವವರು, ಹೂಳುವಾಗಲೂ ಜಾಗ ಬೇರೆ ಮಾಡುವವರು, ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಹೊರಗೆ ಸಾರಲೇಕೂಡದು. ಇದೆಲ್ಲ ಊರಿಗೆ ಗೊತ್ತಿರುತ್ತದೆ.

ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಿರಿ. ಪೇತ್ರನ ಮೊದಲ ಪತ್ರಿಕೆ 3ನೇ ಅಧ್ಯಾಯದಲ್ಲಿ ಹೇಳುವುದು ಇದನ್ನೇ. ಆ ಉತ್ತರ ಸೌಮ್ಯವಾಗಿ, ಮರ್ಯಾದೆಯಿಂದ ಇರಬೇಕೆಂದೂ ಅಲ್ಲಿದೆ.

ನೀವೂ ಕಿವಿಗೊಡಿ. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೋಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ದಾಸರ ಪದಗಳನ್ನೂ ಕೂಡಿಸಿ ಅಚ್ಚು ಹಾಕಿಸಿದರು. ಸಾರಲು ಬಂದವರೇ ಅಷ್ಟು ಕೇಳಿಸಿಕೊಂಡಿದ್ದಾರೆ.

ಮಾಡಬಾರದ್ದು

ಬೇರೆಯವರ ದೇವರನ್ನು ಹೀಯಾಳಿಸಕೂಡದು. ಅಥೇನೆಯಲ್ಲಿ ವಿಗ್ರಹಗಳನ್ನು ಕಂಡು ಪೌಲನ ಮನಸ್ಸು ಕುದಿದಿತ್ತು. ಆದರೂ ಅವನು ಮಾತು ತೆಗೆದದ್ದು ಆ ಊರವರ ಭಕ್ತಿಯನ್ನು ಗುರುತಿಸಿ. ಅವರದೇ ಕವಿಗಳ ಮಾತನ್ನೂ ಹಿಡಿದು. ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳೋಣ ಎಂದರು. ಅವನು ಜಗಳಕ್ಕೆ ನಿಲ್ಲದೆ ಹೊರಟುಹೋದ.

ಅಕ್ಕಿ, ಶಾಲೆ ಫೀಸು, ಕೆಲಸ, ಯಾವುದನ್ನೂ ಆಮಿಷವಾಗಿ ಒಡ್ಡಬಾರದು. ಸಹಾಯ ಮಾಡಿ, ಧಾರಾಳವಾಗಿ ಮಾಡಿ, ಆದರೆ ಅಕ್ಕಿ ಚೀಲದ ಜೊತೆ ಕರಪತ್ರ ಕೊಡಬೇಡಿ. ವ್ಯಾಟಿಕನ್, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್, ವರ್ಲ್ಡ್ ಇವ್ಯಾಂಜೆಲಿಕಲ್ ಅಲಯನ್ಸ್ ಮೂರೂ ಸೇರಿ 2011ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಆಮಿಷ ಕೂಡದೆಂದು ಸ್ಪಷ್ಟವಾಗಿದೆ.

ಆಸ್ಪತ್ರೆಯಲ್ಲಿ ರೋಗಿ ಕೇಳದೆ ಪ್ರಾರ್ಥನೆಗೆ ತೊಡಗಬೇಡಿ. ಔಷಧಿ ನಿಲ್ಲಿಸಿ ಎನ್ನುವುದು, ಗುಣವಾಗೇ ಆಗುತ್ತದೆ ಎಂದು ಮಾತು ಕೊಡುವುದು ಪಾಪ. ಹಾಗೆ ಮಾಡಿದವರನ್ನು ಮತ್ತೆ ಭೇಟಿಗೆ ಕಳಿಸುವುದಿಲ್ಲ.

ತಂದೆತಾಯಿಗೆ ತಿಳಿಯದೆ ಮಕ್ಕಳನ್ನು ಕೂಟಕ್ಕೆ ಕರೆತರಬಾರದು.

ಸಂವಿಧಾನದ 25ನೇ ವಿಧಿ ಧರ್ಮಪ್ರಸಾರದ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟು ಹೇಳದಿದ್ದರೂ ಒತ್ತಾಯಕ್ಕೆ ಹುಟ್ಟಿದ ಒಪ್ಪಿಗೆ ನಮಗೆ ಬೇಡ.

ಬೇಡ ಎಂದವರ ಬಳಿ ಮಾತು ಅಲ್ಲಿಗೇ ನಿಲ್ಲಿಸಿ, ಬಳಕೆ ಮಾತ್ರ ನಿಲ್ಲಿಸಬೇಡಿ. ಅವರ ಮನೆಯ ಮದುವೆಗೂ ಸಾವಿಗೂ ಮೊದಲಿನಂತೆ ಹೋಗಿ, ಕೈಲಾದ ಕೆಲಸ ಮಾಡಿಕೊಟ್ಟು ಬನ್ನಿ.