ಬೊಲೊನ್ಯಕ್ಕೆ ಹೊರಟವಳಿಗೆ



ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯದಲ್ಲಿ ಆಟೊಮೇಷನ್ ಎಂಜಿನಿಯರಿಂಗ್‌ಗೆ ನಿನಗೆ ಸೀಟು ಸಿಕ್ಕಿದ್ದು ಕೇಳಿ ತುಂಬಾ ಸಂತೋಷವಾಯಿತು. ಪಾಠವೆಲ್ಲ ಇಂಗ್ಲಿಷಿನಲ್ಲೇ, ಇಟಾಲಿಯನ್ ಕಲಿಯುವ ಗೋಜಿಲ್ಲ ಎಂದು ನೀನು ಬರೆದದ್ದು ಮಾತ್ರ ನನಗೆ ಸರಿಬರಲಿಲ್ಲ. ನಿನ್ನಂತೆ ಹೊರಡುವ ಬೇರೆ ಮಕ್ಕಳೂ ಓದಲಿ ಎಂದು ಬಹಿರಂಗವಾಗಿಯೇ ಈ ಕಾಗದ ಬರೆಯುತ್ತಿದ್ದೇನೆ.

ಆ ವಿಶ್ವವಿದ್ಯಾಲಯ ತನ್ನ ಹುಟ್ಟನ್ನು 1088ರಿಂದ ಎಣಿಸುತ್ತದೆ. ಅದಕ್ಕೆ ರೂಪ ಕೊಟ್ಟವರು ರಾಜರಲ್ಲ, ಕಾನೂನು ಕಲಿಯಲು ದೂರದಿಂದ ಬಂದ ವಿದ್ಯಾರ್ಥಿಗಳು. ಊರವರಿಗಿದ್ದ ರಕ್ಷಣೆ ಅವರಿಗಿರಲಿಲ್ಲ. ತಮ್ಮ ನಾಡಿನವನೊಬ್ಬ ಸಾಲ ತೀರಿಸದೆ ಹೋದರೆ ಇವರ ಸಾಮಾನು ಜಪ್ತಿಯಾಗುತ್ತಿತ್ತು. ಅದನ್ನು ತಡೆಯಲು 12ನೆಯ ಶತಮಾನದಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ ಶಾಸನವನ್ನೇ ಹೊರಡಿಸಬೇಕಾಯಿತು. ವಿದ್ಯಾರ್ಥಿಗಳು ನಾಡುವಾರು ಸಂಘ ಕಟ್ಟಿಕೊಂಡರು. ಮೇಷ್ಟ್ರಿಗೆ ತಾವೇ ಸಂಬಳ ಕೊಟ್ಟರು, ಪಾಠಕ್ಕೆ ತಡವಾಗಿ ಬಂದರೆ ದಂಡವನ್ನೂ ಹಾಕಿದರು! ವಿಶ್ವವಿದ್ಯಾಲಯಕ್ಕಾಗಿ 1563ರಲ್ಲಿ ಸಿದ್ಧವಾದ ಆರ್ಕಿಜಿನ್ನಾಸಿಯೊ ಕಟ್ಟಡವನ್ನು ತಪ್ಪದೆ ನೋಡು. ಗೋಡೆ, ಕಮಾನು, ಮೆಟ್ಟಿಲ ಇಕ್ಕೆಲ, ಎಲ್ಲೆಲ್ಲೂ ಓದಲು ಬಂದವರ ಲಾಂಛನಗಳು, ಸಾವಿರಗಟ್ಟಲೆ. ಹೊರಗಿನವಳೆಂಬ ಅಳುಕು ನಿನಗೆ ಅಲ್ಲಿ ಬೇಡ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಇಳಿದ 8 ಕೆಲಸದ ದಿನಗಳೊಳಗೆ ಅಂಚೆ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕು. ರಸೀದಿ ಜೋಪಾನ, ಕಾರ್ಡು ಬರಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿನ ಪ್ರಾದೇಶಿಕ ವಿದ್ಯಾರ್ಥಿವೇತನಕ್ಕೆ ಮನೆಯವರ ಆದಾಯ, ಆಸ್ತಿಯ ದಾಖಲೆ ಕೇಳುತ್ತಾರೆ. ಅವಕ್ಕೆ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆಯನ್ನು ಇಲ್ಲಿಂದಲೇ ಹಾಕಿಸಿಕೊಂಡು ಹೋಗು. ಕರಾರು ಪತ್ರ ಕಾಣದೆ ರೂಮಿಗೆ ಅಡ್ವಾನ್ಸ್ ಕಳಿಸಲೇಬೇಡ.

ಪರೀಕ್ಷೆಗೆ ಮಾತ್ರ ಮನಸ್ಸನ್ನು ಈಗಿನಿಂದಲೇ ಸಿದ್ಧಮಾಡಿಕೋ. ಅಲ್ಲಿ ಬಹಳಷ್ಟು ಪರೀಕ್ಷೆ ಬಾಯಿಮಾತಿನದು. ಪ್ರೊಫೆಸರರ ಎದುರು ಕೂರಬೇಕು, ಹಿಂದಿನ ಬೆಂಚುಗಳಲ್ಲಿ ಸಹಪಾಠಿಗಳು ಕೇಳಿಸಿಕೊಳ್ಳುತ್ತಿರುತ್ತಾರೆ. ಒಂದು ಸೂತ್ರ ಬರೆಸಿ, ಇದು ಎಲ್ಲಿಂದ ಬಂತು, ಈ ಪದ ತೆಗೆದರೆ ಏನಾಗುತ್ತದೆ ಎಂದು ಕೆದಕುತ್ತಾರೆ. ನಮ್ಮಲ್ಲಿ ಉರುಹೊಡೆದು ಪುಟ ತುಂಬಿಸಿ ಬಂದವರು ಅಲ್ಲಿ ತಬ್ಬಿಬ್ಬಾಗುತ್ತಾರೆ. ಅಂಕ 30ಕ್ಕೆ, ಪಾಸಾಗಲು 18. ಕೊಟ್ಟ ಅಂಕ ಒಪ್ಪಿಗೆಯಾಗದಿದ್ದರೆ ಬೇಡವೆಂದು ಹೇಳಿ ಮತ್ತೆ ಪರೀಕ್ಷೆಗೆ ಬರುವುದೂ ಉಂಟು. ನಿಜವಾಗಿ ಇನ್ನಷ್ಟು ಓದುವ ಮನಸ್ಸಿದ್ದರೆ ಮಾತ್ರ ಹಾಗೆ ಮಾಡು.

ಇನ್ನು ಇಂಟರ್ನ್‌ಶಿಪ್. ಅವರು ಅದನ್ನು ತಿರೊಚೀನಿಯೊ ಅನ್ನುತ್ತಾರೆ. 1 ಕ್ರೆಡಿಟ್‌ಗೆ 25 ಗಂಟೆಯ ಲೆಕ್ಕ. ಕೋರ್ಸಿನ ಭಾಗವಾದದ್ದಕ್ಕೆ ಸಂಬಳ ಕೊಡಲೇಬೇಕೆಂಬ ಕಾನೂನಿಲ್ಲ, ಆದ್ದರಿಂದ ಖರ್ಚಿಗೆ ಅದನ್ನು ನಂಬಬೇಡ. ನೀನು ಏನು ಕಲಿಯಬೇಕೆಂಬುದನ್ನು ಬರೆದ ಯೋಜನಾ ಪತ್ರವೊಂದಿರುತ್ತದೆ, ಓದಿ ಸಹಿ ಹಾಕು. ಬೊಲೊನ್ಯದ ಸುತ್ತ ಡುಕಾಟಿಯಂಥ ಹೆಸರುವಾಸಿ ಕಂಪನಿಯೂ ಇದೆ, ಚಹಾ ಚೀಲದಿಂದ ಮಾತ್ರೆಯವರೆಗೆ ಪ್ಯಾಕ್ ಮಾಡುವ ಯಂತ್ರ ತಯಾರಿಸುವ ಕಾರ್ಖಾನೆಗಳೂ ಇವೆ. ನಿನ್ನ ಓದಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಆದರೆ ಆಫೀಸಿನಲ್ಲಿ ಇಂಗ್ಲಿಷು ನಡೆದರೂ ಯಂತ್ರದ ಪಕ್ಕದಲ್ಲಿ ನಡೆಯುವ ಮಾತು ಇಟಾಲಿಯನ್. ಬೆಲ್ಟು ಯಾಕೆ ಜಾರುತ್ತಿದೆ, ಸೆನ್ಸರ್ ಯಾಕೆ ತಪ್ಪು ಹೇಳುತ್ತಿದೆ ಎಂಬುದು ಇಪ್ಪತ್ತು ವರ್ಷ ಅಲ್ಲೇ ದುಡಿದ ಫಿಟ್ಟರನಿಗೆ ಗೊತ್ತಿರುತ್ತದೆ. ಅವನ ಮಾತು ತಿಳಿಯದಿದ್ದರೆ ನಿನ್ನ ಪಾಲಿಗೆ ಉಳಿಯುವುದು ಕಂಪ್ಯೂಟರಿನ ಮುಂದಿನ ಕುರ್ಚಿ ಮಾತ್ರ.

ವಿಶ್ವವಿದ್ಯಾಲಯದ ಭಾಷಾ ಕೇಂದ್ರದಲ್ಲಿ ತರಗತಿಗಳಿವೆ, ಅಲ್ಲಿಗೆ ಹೋಗಿ ಇಳಿದ ವಾರವೇ ಹೆಸರು ಕೊಡು. ಭಾರತದವರೇ ತುಂಬಿದ ಮನೆ ಹಿಡಿಯಬೇಡ. ಹಬ್ಬಕ್ಕೆ ಕೂಡಿದರೆ ಸಾಕು. ವಿಮಾನ ಹತ್ತಲು ಇನ್ನೂ ಸಮಯವಿದೆಯಲ್ಲ, ನಾಳೆಯಿಂದ ದಿನಕ್ಕೊಂದು ಗಂಟೆ ಇಟಾಲಿಯನ್‌ಗೆ ಎತ್ತಿಡು ತಾಯಿ.