ನೀನು ಮಾಡಿ ತೋರಿಸಬೇಡ

ನಿರ್ದೇಶಿಸುವ ಮೊದಲ ನಾಟಕಕ್ಕೇ ಗಿರೀಶ ಕಾರ್ನಾಡರ ‘ತುಘಲಕ್’ ಹಿಡಿದಿದ್ದೀಯ. ಸಂತೋಷ ಮಗು. ನಿನ್ನ ಹುರುಪು ನೋಡಿದರೆ ನಾಳೆಯೇ ಪರದೆ ಎತ್ತಿಬಿಡುತ್ತೀಯೇನೋ ಅನ್ನಿಸುತ್ತೆ. ಸ್ವಲ್ಪ ಕೂತುಕೋ.

ನಿನ್ನೆ ನಿನ್ನ ತಾಲೀಮಿನಲ್ಲಿ ಹಿಂದೆ ಕೂತಿದ್ದೆ. ಒಬ್ಬ ಹುಡುಗ ಒಂದು ಮಾತು ತಡವರಿಸಿದ್ದೇ ತಡ, ಎದ್ದು ಹೋಗಿ ಅವನ ಜಾಗದಲ್ಲಿ ನಿಂತು ಮಾಡಿ ತೋರಿಸಿದೆ. ಚೆನ್ನಾಗಿಯೇ ಮಾಡಿದೆ. ಆಮೇಲೆ ಅವನೇನು ಮಾಡಿದ, ಗಮನಿಸಿದೆಯಾ? ನಿನ್ನ ಹಾಗೇ ಕತ್ತೆತ್ತಿದ, ನಿನ್ನ ಹಾಗೇ ರಾಗ ಎಳೆದ. ಅದಕ್ಕೆ ಮೊದಲು ಅವನೇನೋ ಹುಡುಕುತ್ತಿದ್ದ. ನೀನು ಎದ್ದ ಗಳಿಗೆಯೇ ಹುಡುಕೋದು ಬಿಟ್ಟ.

ಕಂಪನಿ ನಾಟಕದ ಮೇಷ್ಟ್ರುಗಳೂ ಹಾಗೇ ಹೇಳಿಕೊಡುತ್ತಿದ್ದರಲ್ಲ ಅನ್ನುತ್ತೀಯ. ನಿಜ. ಆದರೆ ಅವರಿಗೆ ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು. ಒಂದೇ ಪಾತ್ರವನ್ನು ರಾತ್ರಿ ಮೇಲೆ ರಾತ್ರಿ ಆಡುತ್ತಿದ್ದರು. ಮೇಷ್ಟ್ರಿಂದ ಬಂದ ದನಿ ಪ್ರೇಕ್ಷಕರ ಮುಂದೆಯೇ ಸವೆದು ಸವೆದು ನಟನ ಸ್ವಂತದ್ದಾಗುತ್ತಿತ್ತು. ನಿನ್ನ ಹವ್ಯಾಸಿ ತಂಡಕ್ಕೆ ಎಷ್ಟು ಪ್ರದರ್ಶನ ಸಿಗುತ್ತೆ ಹೇಳು? ಕಲಾಕ್ಷೇತ್ರದಲ್ಲಿ ಒಂದು, ಪುಣ್ಯವಿದ್ದರೆ ರಂಗಶಂಕರದಲ್ಲಿ ಇನ್ನೆರಡು. ಪಾತ್ರ ಮಾಗಬೇಕಾದ್ದೆಲ್ಲ ತಾಲೀಮಿನ ಕೋಣೆಯಲ್ಲೇ ಮಾಗಬೇಕು. ಹಸಿ ಕಾಯಿಯನ್ನು ಹಿಸುಕಿ ಮೆತ್ತಗೆ ಮಾಡಿ ಹಣ್ಣಾಯಿತು ಅನ್ನಬೇಡ.

ನಿನ್ನ ತುಘಲಕ್ ಆಗಿರುವವನಿಗೂ ಒಂದು ಮಾತು ಹೇಳು. ಸಿ.ಆರ್. ಸಿಂಹ ಆ ಪಾತ್ರವನ್ನು ಮಾಡಿ ಹೆಸರಾದವರು. ಅವರ ಗತ್ತನ್ನು ಕೇಳಿದವರು, ಕಂಡವರು ಎಷ್ಟೋ ಜನ ಅದನ್ನೇ ತೊಟ್ಟುಕೊಳ್ಳಲು ನೋಡುತ್ತಾರೆ. ಅದು ಸಿಂಹರ ಮೈಯಿಂದ ಹುಟ್ಟಿದ ಗತ್ತು. ನಿನ್ನ ಹುಡುಗ ತೆಳ್ಳಗಿದ್ದಾನೆ, ಮೆಲ್ಲಗೆ ಮಾತಾಡುತ್ತಾನೆ. ಹಾಗಿರುವ ಸುಲ್ತಾನ ಇನ್ನೂ ಹೆಚ್ಚು ಭಯ ಹುಟ್ಟಿಸಬಲ್ಲ. ಅವನನ್ನು ಅವನ ಪಾಡಿಗೆ ಬಿಟ್ಟು ನೋಡು.

ಇನ್ನು ಎಂಟನೇ ದೃಶ್ಯ. ದೌಲತಾಬಾದಿನ ಕೋಟೆ, ರಾತ್ರಿ, ನಿದ್ದೆಯಿಲ್ಲದ ಸುಲ್ತಾನ ಹತ್ತೊಂಬತ್ತರ ಕಾವಲುಗಾರನ ಜೊತೆ ಮಾತಿಗಿಳಿಯುತ್ತಾನೆ. ನೀನು ಸುಲ್ತಾನನ ಮಾತನ್ನು ತಿದ್ದಿದೆ, ತಿದ್ದಿದೆ, ಮತ್ತೆ ತಿದ್ದಿದೆ. ಆ ಕಾವಲುಗಾರನ ಕಡೆ ಒಮ್ಮೆಯಾದರೂ ತಿರುಗಿ ನೋಡಿದೆಯಾ? ಪಾಪ, ತನ್ನ ಸರದಿ ಬರೋದನ್ನೇ ಕಾಯುತ್ತಾ ನಿಂತಿದ್ದ. ಆ ದೃಶ್ಯ ಗೆಲ್ಲೋದು ಅವನ ಕಿವಿಯಲ್ಲಿ. ಎದುರಿಗಿರುವ ಹುಡುಗ ನಿಜವಾಗಿ ಕೇಳಿಸಿಕೊಂಡರೆ ಸುಲ್ತಾನನಿಗೆ ಮಾತು ತಾನೇ ಬರುತ್ತೆ. ಒಂದು ಸಂಜೆ ಹೀಗೆ ಮಾಡು. ಕಾವಲುಗಾರನಿಗೆ ಹೇಳು, ‘ಅವನು ಹೇಳಿದ್ದು ನಿನಗೆ ಅರ್ಥವಾಗದಿದ್ದರೆ ನಿನ್ನ ಮಾತು ಹೇಳಬೇಡ, ಸುಮ್ಮನಿರು’ ಅಂತ. ಸುಲ್ತಾನ ತಾನಾಗಿಯೇ ರಾಗ ಬಿಟ್ಟು ಅರ್ಥ ಹೇಳಲು ಶುರುಮಾಡುತ್ತಾನೆ.

ಮೂವ್‌ಮೆಂಟಿಗೂ ಅವಸರ ಬೇಡ. ಕೂತು ಓದಿಸು, ಚೆನ್ನಾಗಿ ಓದಿಸು. ಮಾತು ಬಾಯಿಗೆ ಬರುವ ಮೊದಲೇ ಎಡಕ್ಕೆ ಹೋಗು, ಬಲಕ್ಕೆ ಬಾ ಅಂದರೆ ಕಾಲು ಮಾತ್ರ ಕಲಿಯುತ್ತೆ.

ನಿನ್ನವರೆಲ್ಲ ದಿನವಿಡೀ ಆಫೀಸಿನಲ್ಲಿ ದುಡಿದು, ಟ್ರಾಫಿಕ್ಕಿನಲ್ಲಿ ಬೆವರಿ ಬರುತ್ತಾರೆ. ಮೊದಲು ಟೀ, ಒಂದಿಷ್ಟು ಅವಲಕ್ಕಿ. ಹಸಿದ ಹೊಟ್ಟೆಗೆ ಯಾವ ತುಘಲಕ್ಕೂ ಬೇಡ. ಯಾರಾದರೂ ತಡವಾಗಿ ಬಂದರೆ ಎಲ್ಲರ ಮುಂದೆ ಕೂಗಾಡಬೇಡ. ಇದ್ದವರನ್ನು ಇಟ್ಟುಕೊಂಡು ಸಮಯಕ್ಕೆ ಸರಿಯಾಗಿ ಶುರುಮಾಡು. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. 2004ರಲ್ಲಿ ಆ ರಂಗಮಂದಿರ ತೆರೆದ ಮೇಲೆ ಬೆಂಗಳೂರಿನ ಪ್ರೇಕ್ಷಕರೇ ಆ ಶಿಸ್ತಿಗೆ ಒಗ್ಗಿದ್ದಾರೆ, ನಿನ್ನ ನಟರು ಒಗ್ಗುವುದಿಲ್ಲವೇ?

ಗ್ರ್ಯಾಂಡ್ ರಿಹರ್ಸಲ್ ಮುಗಿದ ರಾತ್ರಿ ನಿನಗೆ ಹೊಸ ಹೊಸ ಯೋಚನೆ ಬರುತ್ತೆ. ಬಂದೇ ಬರುತ್ತೆ, ನಿನ್ನ ತಲೆ ಅಂಥದ್ದು. ಯಾರಿಗೂ ಹೇಳಬೇಡ. ಪ್ರದರ್ಶನದ ಹೊತ್ತಿನಲ್ಲಿ ವಿಂಗ್‌ನಲ್ಲಿ ನಿಂತು ಅವರ ಮಾತಿಗೆ ನೀನು ತುಟಿ ಆಡಿಸಬೇಡ, ಅದು ಅವರ ಕಣ್ಣಿಗೆ ಬೀಳುತ್ತೆ. ಕೊನೆಯ ಸಾಲಿಗೆ ಹೋಗಿ ಕೂತುಕೊಂಡು, ಆ ಮೆಲ್ಲನೆ ಮಾತಾಡುವ ಸುಲ್ತಾನ ಅಲ್ಲಿಯವರೆಗೆ ಕೇಳಿಸುತ್ತಾನಾ ನೋಡು.